ಬಂಡೆಯ ನೀರಿಗೆ ಇಂಚು ಹೇಳಿದವನಿಗೆ

ಎರಡನೇ ವೈಶಾಖದ ನಲವತ್ತನೇ ದಿನ
ಕರೇಗುಂಡ್ಲಹಟ್ಟಿ

ನನ್ನ ಮುತ್ತಜ್ಜನ ಅಜ್ಜ ಓಬಳೇಶನಿಗೆ ಪಾಲಕ್ಕ ಬರೆಯುವುದು.

ತಾರೀಕು ಕಂಡು ಬೆಚ್ಚಬೇಡ. ಬೇಸಿಗೆ ಉದ್ದವಾಯಿತೆಂದು ನಾವು ತಿಂಗಳನ್ನೂ ಉದ್ದ ಮಾಡಿಕೊಂಡಿದ್ದೇವೆ. ನನ್ನ ಕೆಲವು ಪದ ನಿನಗೆ ತಿಳಿಯದಿದ್ದರೆ ಅದಕ್ಕೆ ಕ್ಷಮೆ ಇರಲಿ. ಬೈಗುಳಕ್ಕೆ ಕ್ಷಮೆ ಕೇಳುವುದಿಲ್ಲ. ನನ್ನ ಹಲ್ಲು ಉದುರಿವೆ, ಈ ಕಾಗದ ಮುಟ್ಟುವಾಗ ನಿನ್ನ ಮೀಸೆ ಇನ್ನೂ ಕಪ್ಪು. ಹಾಗಾಗಿ ಏಕವಚನದಲ್ಲೇ ಬಯ್ಯುತ್ತೇನೆ.

ಬೋರು ಕೊರೆಸಿದ ದಿನ ಕೆಸರುನೀರು ಚಿಮ್ಮಿದ್ದನ್ನು ಕಂಡು, ಮೂರು ಇಂಚು ಬಿತ್ತೆಂದು ಊರಿಗೆಲ್ಲ ಬೆಲ್ಲ ಹಂಚಿದೆಯಂತೆ. ಇಂಚು ಹೇಳುವುದು ನೀರು ಬರುವ ರಭಸವನ್ನು ಕಣಯ್ಯಾ, ಒಳಗೆ ಎಷ್ಟಿದೆ ಎಂಬುದನ್ನಲ್ಲ. ನಮ್ಮ ಕರಿಬಂಡೆ ಮರಳಿನ ಹಾಗೆ ಮೈತುಂಬ ನೀರು ಹೀರಿ ಕೂರುವುದಿಲ್ಲ. ಬಿರುಕುಗಳಲ್ಲಿ ಸೇರಿದ್ದಷ್ಟೇ ಅದರ ಗಂಟು. ಒಂದೇ ಬಿರುಕನ್ನು ನೀವು ಹತ್ತು ಮನೆಯವರು ಹತ್ತು ಕಡೆ ಚುಚ್ಚಿ, ಹತ್ತು ಬಾವಿ ಎಂದು ಎಣಿಸಿದಿರಿ. ಇದನ್ನು ನನಗೆ ಯಾವ ಶಾಲೆಯೂ ಕಲಿಸಲಿಲ್ಲ. ನೀವು ಬಿಟ್ಟುಹೋದ ಒಣ ತೂತುಗಳು ಕಲಿಸಿದವು.

ಈಗ ನಮ್ಮಲ್ಲಿ 'ಬಾಯ್ಕಟ್ಟು' ಎಂಬ ಪದ್ಧತಿಯಿದೆ. ಮಳೆಗಾಲ ಕಳೆದ ಮೇಲೆ ಹಗಲೆಲ್ಲ ನೀರೆತ್ತಿ, ಆಮೇಲೆ ಎಲ್ಲ ಬಾವಿಗಳ ಬಾಯಿ ಕಟ್ಟಿ, ಹಂಡೆಯಲ್ಲಿ ಕೂಡಿಟ್ಟ ನೀರಲ್ಲೇ ದಿನ ದೂಡುತ್ತೇವೆ. ದನಕ್ಕೂ ಅಳತೆ, ಬಾಣಂತಿಗೂ ಅಳತೆ. ಆ ದಿನಗಳು ಕಳೆದ ಮೇಲೆ ನಾನು ಹುರಿಗೆ ಸುಣ್ಣ ಬಳಿದು ಬಾವಿಯೊಳಗೆ ಇಳಿಬಿಡುತ್ತೇನೆ. ಸುಣ್ಣ ಎಲ್ಲಿಯವರೆಗೆ ನೆನೆದಿದೆಯೋ ಅಲ್ಲಿಯವರೆಗೆ ನೀರು ಮರಳಿದೆ. ಹಟ್ಟಿಯಲ್ಲಿ ಎಷ್ಟು ಒಲೆ ಉರಿಯಬಹುದೆಂದು ತೀರ್ಮಾನವಾಗುವುದು ಅದರ ಮೇಲೆ.

ಈ ಸಲ ನನ್ನ ಮೊಮ್ಮಗಳು ಹೊನ್ನೂರಿ ಕಂಕುಳಲ್ಲಿ ಕೂಸು ಎತ್ತಿಕೊಂಡು, ಇಲ್ಲೇ ಒಲೆ ಹೂಡುತ್ತೇನೆಂದು ಬಂದಳು. ಹುರಿ ಹಿಡಿಯುವವಳು ಅಜ್ಜಿ ತಾನೇ, ಒಂದು ಗೇಣು ಹೆಚ್ಚಿಗೆ ಹೇಳಿದರೆ ಯಾರಿಗೆ ಗೊತ್ತಾದೀತು ಎಂದು ಅವಳ ಅತ್ತೆ ನಕ್ಕಳು. ಚೈತ್ರದಲ್ಲಿ ನಿನ್ನ ಕೊಡಕ್ಕೇ ಗೊತ್ತಾಗುತ್ತದೆ ಬಿಡು ಅಂದೆ. ಹುರಿಯಲ್ಲಿ ಹೊಸ ಒಲೆಗೆ ಬೇಕಾದ ಗೇಣು ಒಣಗಿಯೇ ಬಂತು. ಹೊನ್ನೂರಿಯನ್ನು ಗಡಿಕಲ್ಲಿನವರೆಗೆ ನಾನೇ ಬಿಟ್ಟುಬಂದೆ. ಅವಳು ಬಾಯಿಬಿಟ್ಟು ಬಯ್ಯಲಿಲ್ಲ. ಅವಳು ನುಂಗಿಕೊಂಡದ್ದನ್ನೂ ಸೇರಿಸಿ ನಿನಗೆ ಬಯ್ಯುತ್ತಿದ್ದೇನೆ.

ನೀನು ಎರಡನೇ ಬೋರಿಗೆ ಲಾರಿ ಕರೆಸಿದ್ದೀಯ. ಅದನ್ನು ವಾಪಸ್ ಕಳಿಸು. ಮೊದಲನೆಯದರ ಮೋಟರು ನಿಲ್ಲಿಸಿ ಕಾಯಿ. ಮರಳಿ ಬಂದಷ್ಟನ್ನು ಮಾತ್ರ ನಿನ್ನದೆನ್ನು. ನಿನ್ನ ಉತ್ತರ ನನಗೆ ತಲುಪುವ ದಾರಿಯಿಲ್ಲ. ಹೊನ್ನೂರಿಗೆಂದು ಹಿತ್ತಿಲಲ್ಲಿ ಮೂರು ಕಲ್ಲು ಹೂಡಿಟ್ಟಿದ್ದೇನೆ. ಒಂದು ದಿನ ಅವು ಮಸಿ ಹಿಡಿದಿದ್ದರೆ, ಅವಳ ಒಲೆ ಇಲ್ಲೇ ಉರಿದಿದೆ, ನೀನು ಮಾತು ಕೇಳಿದೆ ಎಂದುಕೊಳ್ಳುತ್ತೇನೆ. ಇವತ್ತು ನೋಡಿಬಂದೆ, ಬೆಳ್ಳಗಿವೆ.