ಜಾಲಿಗಿಡದ ಮುಳ್ಳುಬೆನ್ನಿನ ಮರಿಗಳು

ಮಸ್ಕಿ
೧೮ ಸೆಪ್ಟೆಂಬರ್ ೧೯೮೭

ಬಸವಂತರಾಯರಿಗೆ,

ಗಂಡನ ಹೆಸರು ಬರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವ್ವ ಹೇಳುತ್ತಾಳೆ. ನಿಮ್ಮ ಹೊಲದಲ್ಲಿ ಕಳೆ ತೆಗೆಯುವ ಸೂಗಮ್ಮ ತನ್ನ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಆಯುಷ್ಯ ಮುಗಿದದ್ದು ಅವಳ ಕೂಸಿನದು. ಅದಕ್ಕೇ ಹೆದರದೆ ಬರೆದಿದ್ದೇನೆ.

ಬದುವಿನ ಜಾಲಿಗಿಡಕ್ಕೆ ಮುತ್ತಿದ್ದ ಹುಳದ ಮರಿಗಳನ್ನು ನೋಡಿ ಮಾವನವರು, ಹತ್ತಿ ತಿನ್ನುವ ಜಿಗಿಹುಳ ಇಲ್ಲಿಂದಲೇ ಇಳಿಯುತ್ತಿದೆ ಎಂದರು. ನಾನು ಅಲ್ಲ ಎಂದೆ. ಕೃಷಿ ಇಲಾಖೆಯವರು ಸಂತೆಯಲ್ಲಿ ಹಂಚಿದ, ಹುಳಗಳ ಬಗ್ಗೆ ಬರೆದ ಕರಪತ್ರ ಓದಿದ್ದೆ. ಗಡಿಯಾರ ರಿಪೇರಿಯ ದಾದೇಸಾಬರಿಂದ ಭೂತಗನ್ನಡಿ ಇಸಿದುಕೊಂಡು ಬಂದು ನಿಮಗೆ ತೋರಿಸಿದೆ. ಹತ್ತಿಯ ಮರಿ ತಿಳಿಹಸಿರು, ಬೆನ್ನು ನುಣುಪು, ಮುಟ್ಟಿದರೆ ಏಡಿಯಂತೆ ಅಡ್ಡಡ್ಡ ಓಡುತ್ತದೆ. ಜಾಲಿಯದು ಮಣ್ಣಿನ ಬಣ್ಣ. ಬೆನ್ನುದ್ದಕ್ಕೂ ಮುಳ್ಳಿನ ಸಾಲು, ಹಿಂಭಾಗ ಕೊಳವೆಯಂತೆ ನೀಳ, ಅದರ ತುದಿಯ ಸಿಹಿಹನಿಗೆ ಇರುವೆಗಳ ಕಾವಲು. ಬೆಳೆದ ಮೇಲೆ ಇದಕ್ಕೆ ಕೊಂಬು ಮೂಡುತ್ತವೆ, ನಮ್ಮ ಹತ್ತಿಯ ಗೊಡವೆ ಇದಕ್ಕಿಲ್ಲ ಎಂದೆ. ನೀವು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಿರಿ. "ಖರೇನ ಐತಿ ಕಸ್ತೂರಿ, ಇವು ಬ್ಯಾರೇನ ಅದಾವ" ಎಂದಿರಿ. ಆಗ ನನಗಾದ ಸಂತೋಷಕ್ಕೆ ಈಗ ನಾಚಿಕೆಯಾಗುತ್ತದೆ.

ಮಾವನವರು ನಕ್ಕರು. "ನಮ್ಮ ಸೊಸಿ ಹುಳದ ಜಾತಕಾ ಬರ್ಯಾಕತ್ತಾಳ ನೋಡ್ರಿ! ಹುಳಾ ಅಂದ್ರ ಹುಳಾನ, ಹೊಡಿ ಎಣ್ಣಿ." ನೀವೂ ನಕ್ಕಿರಿ. ನಸುಕಿನಲ್ಲಿ ವಿಷದೆಣ್ಣೆಯ ಪಂಪು ಹೆಗಲಿಗೇರಿಸಿದವರು ನೀವೇ. ಕಳೆ ತೆಗೆಯುವವರಿಗಾದರೂ ಹೇಳಿ ಎಂದು ಬೇಡಿಕೊಂಡೆ. "ಹೇಳಿದ್ರ ಆಳು ಬರಂಗಿಲ್ಲ, ಸುಮ್ಕಿರು" ಎಂದರು ಮಾವ. ನಾನೇ ಹೇಳಿಬರುತ್ತೇನೆಂದು ಹೊರಟಾಗ ಹೊರಗಿನಿಂದ ಚಿಲಕ ಹಾಕಿದವರೂ ನೀವೇ.

ಸೂಗಮ್ಮ ದಿನದಂತೆ ಆ ಜಾಲಿಯ ಟೊಂಗೆಗೇ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದಳು. ಆ ಹೊಲದಲ್ಲಿ ನೆರಳಿರುವುದು ಅದೊಂದೇ ಗಿಡ. ಎಲೆಯಿಂದ ತೊಟ್ಟಿಕ್ಕಿದ್ದನ್ನು ಇಬ್ಬನಿ ಎಂದುಕೊಂಡಳಂತೆ. ದವಾಖಾನೆಗೆ ಒಯ್ಯಲು ಸಿಂಧನೂರಿನ ಬಸ್ಸು ಬರುವಷ್ಟರಲ್ಲಿ ಕೂಸು ತಣ್ಣಗಾಗಿತ್ತು. ಊರವರು ದೃಷ್ಟಿ ತಾಗಿತು ಎಂದರು. ನೀವು ಹೌದೆಂದಿರಿ.

ತಿಳಿವಳಿಕೆ ಬಂದರೆ ಅನ್ಯಾಯ ನಿಲ್ಲುತ್ತದೆ ಎಂದು ನಾನು ಓದಿದ ಕರಪತ್ರಗಳಲ್ಲೆಲ್ಲ ಅಚ್ಚಾಗಿತ್ತು. ಅದನ್ನು ನಂಬಿ ಬೆಳೆದೆ. ನಿಮಗೆ ತಿಳಿದಿತ್ತಲ್ಲ, ಏನು ನಿಂತಿತು? ತಿಳಿಯದ ಮಾವನವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ.

ನಾನು ತವರು ಬಿಟ್ಟು ಬಳಗಾನೂರಿನ ನಿಮ್ಮ ಮನೆಗೆ ಬರುವುದಿಲ್ಲ. ಕರೆಯಲು ಯಾರನ್ನೂ ಕಳಿಸಬೇಡಿ.

ಇನ್ನು ನಿಮ್ಮವಳಲ್ಲದ
ಕಸ್ತೂರೆಮ್ಮ

ಇನ್ನೊಂದು ಮಾತು: ಪತ್ರಕ್ಕೆ ಅಂಟು ಹಚ್ಚಬೇಕೆನ್ನುವಾಗ ಅಪ್ಪ ಬಂದ. "ಗಂಡನ ಮನಿ ಬಿಟ್ಟ ಮಗಳನ್ನ ಇಟ್ಕೊಂಡು ಮಂದ್ಯಾಗ ಹ್ಯಾಂಗ ತಲಿ ಎತ್ತಲಿ?" ಎಂದ. ನಾಳೆ ಮುಂಜಾನೆ ಬಸ್ಸಿಗೆ ಕೂಡಿಸುತ್ತಾನಂತೆ. ಅವ್ವ ಆಗಲೇ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಾಳೆ. ಹಾಗಾಗಿ ಈ ಪತ್ರ ನನ್ನ ಕೈಯಿಂದಲೇ ನಿಮಗೆ ತಲುಪುತ್ತದೆ. ಎಣ್ಣೆ ಹೊಡೆಯುವ ಮೊದಲು ಒಂದು ಮರಿಯನ್ನು ಟೊಂಗೆ ಸಮೇತ ಬಾಟಲಿಯಲ್ಲಿ ಇಟ್ಟುಕೊಂಡಿದ್ದೆ. ಇವತ್ತು ಪೊರೆ ಬಿಟ್ಟಿದೆ. ಎರಡು ಕೊಂಬು ಬಂದಿವೆ. ಯಾರಿಗೆ ತೋರಿಸಲಿ? ನಿಮಗಂತೂ ಮೊದಲೇ ಗೊತ್ತಿತ್ತು.