ಪ್ಲಾಸ್ಟಿಕ್ ತೆಗೆಯದ ಏಳು ಸೀಟಿನ ಗಾಡಿ

ದಾವಣಗೆರೆ
ಫೆಬ್ರವರಿ ಮೂವತ್ತು, 2184

ಮಂಡಕ್ಕಿ ಭಟ್ಟಿಯ ಮಾಲೀಕರಾದ ಮುರಿಗೆಪ್ಪನವರಿಗೆ,

ತಾರೀಕು ನೋಡಿ ತಲೆ ಕೆರೆದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುವುದು ಪದ್ಧತಿ. ಕೇಳಿದ್ದೇನೆ ಎಂದುಕೊಳ್ಳಿ. ನಾನು ಗುರುಸಿದ್ದಮ್ಮ, ನಿಮ್ಮ ಮೊಮ್ಮಗನ ಮರಿಮೊಮ್ಮಗಳು. ನಿಮ್ಮನ್ನು ಏಕವಚನದಲ್ಲಿ ಬೈಯಬೇಕೆಂದಿದ್ದೆ. ಹಿರಿಯರಿಗೆ ಹಾಗೆ ಬರೆದರೆ ಅವ್ವ ನನಗೆ ಬೈಯುತ್ತಾಳೆ, ಆದ್ದರಿಂದ ಬಹುವಚನದಲ್ಲೇ ಬೈಯುತ್ತೇನೆ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಅದು ಹೋದ ಕಾಲಕ್ಕೆ ಹೋಗುವ ಅಂಚೆ; ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ಜನ ತೀರಿಕೊಂಡ ಗಂಡನಿಗೋ ಮಗುವಿಗೋ ಬರೆಯುತ್ತಾರೆ. ನಾನು ನನ್ನ ಆ ಒಂದು ಪತ್ರವನ್ನು, ಕಾರಿನ ಶೋರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿ ಪುಕ್ಕಟೆ ಕಾಫಿ ಕುಡಿಯುತ್ತಿರುವ ನಿಮಗೆ ದಂಡ ಮಾಡುತ್ತಿದ್ದೇನೆ.

ನಿಮ್ಮೆದುರು ಎರಡು ಗಾಡಿಗಳಿವೆ. ಒಂದು ಸಣ್ಣದು, ಎಣ್ಣೆ ಕಡಿಮೆ ಕುಡಿಯುವಂಥದ್ದು. ಇನ್ನೊಂದು ಏಳು ಸೀಟಿನದು. ಪಕ್ಕದಲ್ಲಿ ಕೂತ ನಿಮ್ಮ ಹೆಂಡತಿ ವಿಶಾಲಾಕ್ಷಮ್ಮ ಈಗಷ್ಟೇ ಹೇಳಿದ್ದಾರೆ: "ಇರಾದು ಮೂರು ಜನ, ಸಣ್ಣದೇ ಸಾಕಲ್ರೀ. ಎಣ್ಣೀನೂ ಉಳೀತೈತಿ." ಅದಕ್ಕೆ ನೀವು, "ವರ್ಷಕ್ಕೊಂದ್ಸಾರಿ ಮನೆದೇವ್ರಿಗೆ ಹೋಗಾಕೆ ನಿಮ್ಮಣ್ಣನ ಮನೇರ್ನೆಲ್ಲ ಡಿಕ್ಕ್ಯಾಗೆ ತುಂಬ್ಲೇನು? ಆರಾಮಾಗಿ ಕುಂತು ಹೋಗಾಣ" ಎಂದಿದ್ದೀರಿ. ಈ ಮಾತನ್ನು ನಮ್ಮ ಮನೆಯಲ್ಲಿ ಇಂದಿಗೂ ಆಡಿ ತೋರಿಸುತ್ತಾರೆ. ಮೊದಲೆಲ್ಲ ಕೇಳಿ ನಗುತ್ತಿದ್ದೆವು.

ಮುಂದೆ ಆಗುವುದನ್ನು ಕೇಳಿ. ಮನೆದೇವರಿಗೆ ವರ್ಷಕ್ಕೊಮ್ಮೆ ಏಳು ಜನ ಹೋಗುತ್ತೀರಿ. ಮಿಕ್ಕ ದಿನವೆಲ್ಲ ಆ ಆನೆಯಂಥ ಗಾಡಿಯಲ್ಲಿ ನೀವೊಬ್ಬರೇ, ನಡೆದರೂ ಮುಟ್ಟಬಹುದಾದ ಭಟ್ಟಿಗೆ ಹೋಗಿಬರುತ್ತೀರಿ. ಆರಾಮಕ್ಕೆಂದು ಕೊಂಡ ಗಾಡಿಯಲ್ಲಿ ಎಣ್ಣೆ ಉಳಿಸಲು ಎಸಿ ಹಾಕುವುದಿಲ್ಲ. ಇಳಿಜಾರು ಬಂದರೆ ನ್ಯೂಟ್ರಲ್‌ಗೆ ಹಾಕಿ ಜಂಬಪಡುತ್ತೀರಿ. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಯುವುದು ಇದಕ್ಕೆ: ಸೀಟು ಹೊಸದಾಗಿಯೇ ಇರಲೆಂದು ಕಂಪನಿಯ ಪ್ಲಾಸ್ಟಿಕ್ ಕವರನ್ನು ಕೊನೆಯವರೆಗೂ ತೆಗೆಯುವುದಿಲ್ಲ. ಬೆವರಿ, ಅಂಟಿಕೊಂಡು, ಪರಪರ ಸದ್ದು ಮಾಡುತ್ತ ಕೂರುತ್ತೀರಿ. ಪಕ್ಕದ ಮನೆಯ ಮೇಷ್ಟ್ರು ವಾಗೀಶಪ್ಪನವರು ಕೊಂಡ ಸಣ್ಣ ಕಾರನ್ನು ಬೆಂಕಿಪೊಟ್ಟಣ ಎಂದು ಆಡಿಕೊಳ್ಳುತ್ತೀರಿ.

ನಮ್ಮಲ್ಲಿ ಎಣ್ಣೆಪಾಲು ಎಂಬ ಕಾನೂನಿದೆ. ಪ್ರತಿ ಮನೆತನಕ್ಕೂ ಇಷ್ಟೇ ಎಣ್ಣೆ ಎಂದು ಗೊತ್ತುಮಾಡಿ, ಹಿರಿಯರು ಸುಟ್ಟಿದ್ದನ್ನು ಕಳೆದು, ಉಳಿದದ್ದನ್ನು ನಮಗೆ ಬಿಡುತ್ತಾರೆ. ಪಾಲನ್ನು ಮಾರುವಂತಿಲ್ಲ, ಬೇರೆ ಮನೆಗೆ ಕೊಡುವಂತೆಯೂ ಇಲ್ಲ. ಕರೆಂಟಿನ ಗಾಡಿ ಇಲ್ಲವೇ ಎನ್ನುತ್ತೀರಿ. ಇವೆ, ಕಂಬದ ತಂತಿಯಿಂದ ಕರೆಂಟು ಎಳೆದುಕೊಂಡು ಊರೊಳಗೆ ಓಡುತ್ತವೆ. ಊರು ದಾಟಿದರೆ ಕಂಬಗಳೇ ಉಳಿದಿಲ್ಲ. ನಾವು ಜೋಳ, ಉಪ್ಪು, ಸೀರೆ ಎಲ್ಲವನ್ನೂ ಎತ್ತಿನ ಗಾಡಿಯಲ್ಲೇ ತರಿಸುತ್ತೇವೆ. ಅದು ನಮಗೆ ರೂಢಿ, ಅದಕ್ಕಾಗಿ ನಿಮ್ಮ ಮೇಲೆ ಸಿಟ್ಟಿಲ್ಲ.

ಸಿಟ್ಟು ಅವ್ವನ ಸೊಂಟದ್ದು. ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಜೋಡಿಸುವ ಆಸ್ಪತ್ರೆ ಇರುವುದು ಹುಬ್ಬಳ್ಳಿಯಲ್ಲಿ. ಎಣ್ಣೆ ಗಾಡಿಯಾದರೆ ಒಂದು ಹೊತ್ತಿನ ದಾರಿ. ಎತ್ತಿನ ಗಾಡಿಯ ಕುಲುಕಾಟಕ್ಕೆ ಅವ್ವ ಉಳಿಯುವುದೇ ಕಷ್ಟ ಎಂದು ನಮ್ಮೂರ ಡಾಕ್ಟರು ಹೇಳಿದ್ದಾರೆ. ನಮ್ಮ ಪಾಲು ಕೇಳಲು ಹೋದೆ. ಸೊನ್ನೆ ಎಂದರು. ಕಳೆದ ತಿಂಗಳು ಮೇಷ್ಟ್ರ ಮನೆತನದ ಹುಡುಗಿಯನ್ನು ಹೆರಿಗೆಗೆ ಅದೇ ಆಸ್ಪತ್ರೆಗೆ ಎಣ್ಣೆ ಗಾಡಿಯಲ್ಲೇ ಕರೆದೊಯ್ದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಬೆಂಕಿಪೊಟ್ಟಣದ ಮಹಿಮೆ ನೋಡಿ, ಮುರಿಗೆಪ್ಪನವರೇ.

ಅವ್ವ ಮಲಗಿರುವುದು ನಿಮ್ಮ ಗಾಡಿಯ ನಡುವಿನ ಸೀಟಿನ ಮೇಲೆ. ಗಾಡಿ ಹೋಯಿತು, ಎಂಜಿನ್ ಹೋಯಿತು, ನಮ್ಮ ಪಾಲೂ ಹೋಯಿತು. ಪ್ಲಾಸ್ಟಿಕ್ ಮಾತ್ರ ಹಳದಿಯಾಗಿ ಹಾಗೇ ಇದೆ. ಅವ್ವನ ಬೆನ್ನಿಗೆ ಅಂಟುತ್ತದೆ, ಬೊಬ್ಬೆ ಎದ್ದಿವೆ. ಹರಿಯಲು ಹೋದರೆ "ಬ್ಯಾಡೇ, ಹಿರೇರು ಜ್ವಾಪಾನ ಮಾಡಿದ್ದು" ಎಂದು ಕೈ ಹಿಡಿಯುತ್ತಾಳೆ. ಆ ಮಾತಿಗೆ ನೀವು ಯೋಗ್ಯರಲ್ಲ.

ಸಣ್ಣದನ್ನೇ ಕೊಳ್ಳಿ. ಹೆಂಡತಿಯ ಮಾತು ಒಮ್ಮೆಯಾದರೂ ಕೇಳಿ. ಕೇಳುವುದಿಲ್ಲವೆಂದು ಗೊತ್ತು, ಕೇಳಿದ್ದರೆ ಈ ಸೀಟು ನಮ್ಮ ಪಡಸಾಲೆಯಲ್ಲಿ ಇರುತ್ತಿರಲಿಲ್ಲ. ಹಾಗಾದರೆ ಇಷ್ಟಾದರೂ ಮಾಡಿ: ಮನೆಗೆ ತಂದ ದಿನವೇ ಪ್ಲಾಸ್ಟಿಕ್ ಕಿತ್ತೆಸೆದು ವಿಶಾಲಾಕ್ಷಮ್ಮನವರನ್ನು ಅದರ ಮೇಲೆ ಕೂರಿಸಿ. ನಮ್ಮನ್ನು ಸುಟ್ಟ ಎಣ್ಣೆಯಲ್ಲಿ ಒಬ್ಬರಾದರೂ ಸುಖಪಡಲಿ.

ಎತ್ತಿನ ಗಾಡಿ ಬಾಗಿಲಿಗೆ ಬಂದಿದೆ. ಬೇರೆ ದಾರಿಯಿಲ್ಲ; ಕುಲುಕಾಟ ಒಂದಿಷ್ಟಾದರೂ ತಗ್ಗಲೆಂದು ನಿಮ್ಮ ಸೀಟನ್ನೇ ಅದರ ಮೇಲೆ ಕಟ್ಟಿ ಅವ್ವನನ್ನು ಮಲಗಿಸಿಕೊಂಡು ಹೊರಟಿದ್ದೇವೆ. ಪ್ಲಾಸ್ಟಿಕ್ಕನ್ನು ಈಗಷ್ಟೇ, ಪತ್ರ ಬರೆಯುವ ನಡುವೆ ಎದ್ದು, ನಾನೇ ಹರಿದು ಹಾಕಿದೆ. ಒಳಗಿನ ಬಟ್ಟೆ ಹೊಚ್ಚ ಹೊಸದು, ಇದುವರೆಗೆ ಯಾರ ಮೈಯೂ ತಾಗಿಲ್ಲ. ಅವ್ವ ಅದರ ಮೇಲೆ ಕೈಯಾಡಿಸಿ, "ಎಷ್ಟು ಮೆತ್ತಗೈತೇ" ಎಂದಳು.

ಅದಕ್ಕಾಗಿ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ.

ಗುರುಸಿದ್ದಮ್ಮ