ಮೂವತ್ತೆಂಟು ಜನ ತೋರಿಸಿದ ಚೀಟಿ

ತಂಗೀ,

ಕಾರ್ಡ್ ನೋಡಿ ಗಾಬರಿ ಆಗಬೇಡ, ಮಂಡಿ ನೋವು ಬಿಟ್ರೆ ಚೆನ್ನಾಗೇ ಇದೀನಿ. ಸೂಪರ್‌ವೈಸರ್ ಮನುಷ್ಯ ಆದ್ರೆ ಜಾಸ್ತಿ ಮಾಲು ಬರುತ್ತಾ, ಕೃತಕ ಬುದ್ಧಿ ಆದ್ರೆ ಬರುತ್ತಾ ಅಂತ ಈ ಮ್ಯಾನೇಜ್‌ಮೆಂಟ್ ಕಾಲೇಜಿನವರು ಸಂಶೋಧನೆ ಮಾಡ್ತಿದಾರೆ. ನಮ್ಮ ಗಾರ್ಮೆಂಟ್ಸಿಂದ ಸೂಪರ್‌ವೈಸರ್ ಅಂತ ನನ್ನ ಕರೆಸಿದ್ದು ಅದಕ್ಕೇ.

ನಿನ್ನೆ ಒಂದು ಶರಟು ಕೊಟ್ಟು, ಹೊಲಿದವಳಿಗೆ ಏನು ಹೇಳ್ತೀರಿ ಬರೀರಿ ಅಂದ್ರು. "ಕಾಲರ್ ಸೊಟ್ಟ. ಬಿಚ್ಚಿ ಹೊಲಿ" ಅಂತ ಬರೆದೆ. ಕಂಪ್ಯೂಟರೂ ಒಂದು ಚೀಟಿ ಬರೀತು: "ತೋಳು ತುಂಬಾ ನೀಟಾಗಿ ಕೂಡಿಸಿದೀರಿ. ಕಾಲರ್ ಇನ್ನೊಂದು ಸಲ ನೋಡ್ತೀರಾ?" ಇದರಲ್ಲಿ ಕಂಪ್ಯೂಟರ್ ಬರೆದಿದ್ದು ಯಾವುದು ಅಂತ ನಲವತ್ತು ಟೈಲರ್‌ಗಳನ್ನ ಕೇಳಿದ್ರು. ಮೂವತ್ತೆಂಟು ಜನ ನನ್ನ ಚೀಟಿ ತೋರಿಸಿದ್ರು! ಪ್ರೊಫೆಸರಮ್ಮ ನಗು ತಡ್ಕೊಂಡು ನನಗೆ ನೀರು ಕೊಟ್ರು. ಮೈಯೆಲ್ಲಾ ಉರಿದುಹೋಯ್ತು.

ಆಮೇಲೆ ಆ ಶರಟು ತಿರುಗಿಸಿ ನೋಡಿದೆ. ತೋಳು ನಿಜವಾಗ್ಲೂ ಚೆನ್ನಾಗಿತ್ತು ಕಣೇ. ನಾನು ಅದನ್ನ ನೋಡೇ ಇರಲಿಲ್ಲ.

ಜಾಗ ಮುಗೀತಾ ಬಂತು. ಹನ್ನೊಂದು ವರ್ಷದಿಂದ ನನ್ನ ಲೈನಲ್ಲೇ ಹೊಲೀತಿದೀಯ, ನಾನು ಒಂದಿನಾನೂ ಇದನ್ನ ಹೇಳಿಲ್ಲ. ನೀನು ಹಚ್ಚೋ ಜೇಬು ಕೂದಲೆಳೆಯಷ್ಟೂ ಸೊಟ್ಟ ಹೋಗಲ್ಲ.

ನಂಬು, ಇದನ್ನ ಬರೆದಿದ್ದು ನಾನೇ.

ಅಕ್ಕ